ಬಿರುಗಾಳಿ ಹೋದ ಮೇಲಿನ ಹತ್ತು ದಿನ

2017ರ ಸೆಪ್ಟೆಂಬರ್ 20ರಂದು ಮರಿಯಾ ಚಂಡಮಾರುತ ಪೋರ್ಟೊ ರಿಕೊ ದ್ವೀಪದ ಮೇಲೆ ಹಾದುಹೋಯಿತು. ಸತ್ತವರು 64 ಜನ ಎಂದು ಅಲ್ಲಿನ ಸರ್ಕಾರ ಲೆಕ್ಕ ಕೊಟ್ಟಿತು; ತಿಂಗಳುಗಟ್ಟಲೆ ಆ ಲೆಕ್ಕವನ್ನೇ ಹಿಡಿದು ಕೂತಿತು. ಮರುವರ್ಷ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಬೇರೆ ಪ್ರಶ್ನೆ ಕೇಳಿದರು. ಆ ಸೆಪ್ಟೆಂಬರ್‌ನಿಂದ ಮುಂದಿನ ಫೆಬ್ರುವರಿವರೆಗೆ ದ್ವೀಪದಲ್ಲಿ ಮಾಮೂಲಿಗಿಂತ ಎಷ್ಟು ಜನ ಹೆಚ್ಚಾಗಿ ತೀರಿಕೊಂಡರು? ಉತ್ತರ 2,975. ಸರ್ಕಾರ ಕೊನೆಗೆ ಅದನ್ನೇ ಒಪ್ಪಿಕೊಂಡಿತು. ಗಾಳಿ ಕೆಲವು ಗಂಟೆಗಳಲ್ಲಿ ದಾಟಿ ಹೋಗಿತ್ತು, ಆದರೆ ದ್ವೀಪಕ್ಕೆಲ್ಲ ಕರೆಂಟ್ ಮರಳಲು ಸುಮಾರು 11 ತಿಂಗಳು ಬೇಕಾಯಿತು. ಹೆಚ್ಚುವರಿ ಸಾವುಗಳಲ್ಲಿ ದೊಡ್ಡ ಪಾಲು ವಯಸ್ಸಾದವರದು. 65 ದಾಟಿದ ಗಂಡಸರಲ್ಲಂತೂ ಅಧ್ಯಯನದ ಕೊನೆಯ ತಿಂಗಳವರೆಗೂ ಸಾವಿನ ಅಪಾಯ ಇಳಿದಿರಲಿಲ್ಲ.

ಅಟ್ಲಾಂಟಿಕ್ ಸಾಗರದಲ್ಲಿ ಹರಿಕೇನ್ ಋತು ಎಂದರೆ ಜೂನ್ 1ರಿಂದ ನವೆಂಬರ್ 30. ಫ್ಲಾರಿಡಾ, ಲೂಸಿಯಾನಾ, ಟೆಕ್ಸಾಸ್ ಕರಾವಳಿಗಳಲ್ಲಿ ಪ್ರತಿ ವರ್ಷ ಮೇ ತಿಂಗಳಾಗುತ್ತಿದ್ದಂತೆ ಪತ್ರಿಕೆ, ಟೀವಿಗಳಲ್ಲಿ ಒಂದು ಪಟ್ಟಿ ಬರುತ್ತದೆ: ಟಾರ್ಚು, ಬ್ಯಾಟರಿ, ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್ ನೀರು, ಡಬ್ಬಿ ಆಹಾರ. ಪಟ್ಟಿಯಲ್ಲಿ ತಪ್ಪೇನೂ ಇಲ್ಲ. ಆದರೆ ಅದು ಬರೆದಿರುವುದು ಬಿರುಗಾಳಿಯ ರಾತ್ರಿಗೆ, ಅದೂ ಗಟ್ಟಿಮುಟ್ಟಾದ ನಲವತ್ತರ ಆಸುಪಾಸಿನವರಿಗೆ. ಎಪ್ಪತ್ತೈದು, ಎಂಬತ್ತರ ಜೀವಕ್ಕೆ ಕಂಟಕ ಬರುವುದು ಬಹುತೇಕ ಆ ರಾತ್ರಿ ಕಳೆದ ಮೇಲೆ. ಫ್ರಿಜ್ ನಿಂತು, ಲಿಫ್ಟ್ ನಿಂತು, ಔಷಧದ ಅಂಗಡಿ ಮುಚ್ಚಿ, ದಿನಾ ಬರುತ್ತಿದ್ದ ಆರೈಕೆಯ ಹೆಂಗಸಿನ ಕಾರಿಗೆ ಪೆಟ್ರೋಲ್ ಸಿಗದೆ ಹೋದ ಆ ಹತ್ತು ದಿನಗಳಲ್ಲಿ. ತಯಾರಿ ನಡೆಯಬೇಕಾದದ್ದು ಆ ದಿನಗಳಿಗೆ. ಅದರಲ್ಲಿ ಅಂಗಡಿಯಿಂದ ಕೊಳ್ಳುವ ಸಾಮಾನಿನ ಪಾಲು ಕಡಿಮೆ, ಮನುಷ್ಯರ ನಡುವೆ ಮೊದಲೇ ಆಗಬೇಕಾದ ಮಾತುಕತೆಯ ಪಾಲು ಹೆಚ್ಚು.

ಬಿರುಗಾಳಿಯ ಬಲವನ್ನು 1ರಿಂದ 5ರವರೆಗೆ ಅಳೆಯುವ ಸಾಫಿರ್-ಸಿಂಪ್ಸನ್ ಮಾಪಕ ಎಲ್ಲರ ಬಾಯಲ್ಲೂ ಇದೆ. ಅದು ಅಳೆಯುವುದು ಗಾಳಿಯ ವೇಗವನ್ನು ಮಾತ್ರ, ನೀರಿನ ಬಗ್ಗೆ ಒಂದಕ್ಷರವನ್ನೂ ಹೇಳುವುದಿಲ್ಲ. ಕೊಲ್ಲುವುದಾದರೆ ಹೆಚ್ಚಾಗಿ ನೀರೇ. ಅಮೆರಿಕದ ರಾಷ್ಟ್ರೀಯ ಹರಿಕೇನ್ ಕೇಂದ್ರದ ಲೆಕ್ಕದಂತೆ 1963ರಿಂದ 2012ರವರೆಗಿನ ನೇರ ಸಾವುಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟಕ್ಕೆ ಕಾರಣ ಗಾಳಿಯ ಒತ್ತಡಕ್ಕೆ ದಡದ ಮೇಲೆ ಏರಿ ಬರುವ ಕಡಲ ನೀರು, ಅಂದರೆ ಸ್ಟಾರ್ಮ್ ಸರ್ಜ್. 2013ರಿಂದ 2022ರ ದಶಕದಲ್ಲಿ ಚಿತ್ರ ಬದಲಾಗಿದೆ: ಶೇಕಡ 57ರಷ್ಟು ಸಾವು ಮಳೆಯ ಪ್ರವಾಹದಿಂದ. 2024ರ ಹೆಲೀನ್ ಚಂಡಮಾರುತ ಫ್ಲಾರಿಡಾದ ದಡ ಮುಟ್ಟಿದರೂ ಸಮುದ್ರದಿಂದ ನೂರಾರು ಮೈಲಿ ದೂರದ ನಾರ್ತ್ ಕ್ಯಾರೊಲಿನಾದ ಬೆಟ್ಟದೂರುಗಳನ್ನು ಕೊಚ್ಚಿಹಾಕಿದ್ದು ಹಾಗೆ. ಇವೆಲ್ಲ ನೇರ ಸಾವುಗಳ ಮಾತು. ಪರೋಕ್ಷ ಸಾವುಗಳೂ ಹೆಚ್ಚುಕಡಿಮೆ ಅಷ್ಟೇ ಇರುತ್ತವೆ: ಸೆಕೆ, ಹೃದಯಾಘಾತ, ಕತ್ತಲಲ್ಲಿ ಜಾರಿ ಬಿದ್ದದ್ದು, ಜನರೇಟರ್ ಹೊಗೆ, ಸಿಗದೆ ಹೋದ ಡಯಾಲಿಸಿಸ್. ಈ ಎರಡನೆಯ ಪಟ್ಟಿ ಬಹುಪಾಲು ಮುದುಕರದು.

ದೇಹದ ಕಾರಣಗಳೂ ಇವೆ. ವಯಸ್ಸಾದ ಮೇಲೆ ಬಾಯಾರಿಕೆ ತಿಳಿಯುವುದು ತಡ, ಬೆವರು ಹೊಮ್ಮುವುದು ಕಡಿಮೆ. ರಕ್ತದೊತ್ತಡಕ್ಕೆಂದು ಕೊಡುವ ಮೂತ್ರ ಹೆಚ್ಚಿಸುವ ಗುಳಿಗೆ ಮೈಯ ನೀರನ್ನು ಇನ್ನಷ್ಟು ಹೊರಹಾಕುತ್ತದೆ. ಆಗಸ್ಟ್ ತಿಂಗಳ ಫ್ಲಾರಿಡಾದಲ್ಲಿ ಕಿಟಕಿ ಪೂರ್ತಿ ತೆರೆಯಲು ಬಾರದ, ಎ.ಸಿ. ಇದ್ದೇ ಇರುತ್ತದೆಂದು ನಂಬಿ ಕಟ್ಟಿದ ಮನೆಯಲ್ಲಿ ಕರೆಂಟ್ ಹೋದರೆ ಎರಡನೆಯ ದಿನಕ್ಕೇ ಒಳಗಿನ ಬಿಸಿ ಹೊರಗಿಗಿಂತ ಹೆಚ್ಚಾಗಬಹುದು. 2024ರ ಜುಲೈನಲ್ಲಿ ಟೆಕ್ಸಾಸ್ ದಡ ಮುಟ್ಟುವಾಗ ಬೆರಿಲ್ ಕೇವಲ ಒಂದನೆಯ ವರ್ಗದ ಬಿರುಗಾಳಿ. ಆದರೂ ಹ್ಯೂಸ್ಟನ್ ಸುತ್ತಮುತ್ತ 20 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳ ಕರೆಂಟ್ ಹೋಯಿತು. ನಂತರದ ಬಿಸಿಲಿನ ದಿನಗಳಲ್ಲಿ ಸೆಕೆಗೇ ಜನ ಸತ್ತರು.

ಹಾಗಾದರೆ ಹೊರಡಬೇಕೋ, ಇರಬೇಕೋ? ಇಡೀ ಚರ್ಚೆಯ ಗಂಟು ಇರುವುದು ಇಲ್ಲಿ. 2005ರ ಎರಡು ಘಟನೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಎಷ್ಟು ಬಿಗಿಯಾದ ಗಂಟು ಎಂದು ಗೊತ್ತಾಗುತ್ತದೆ. ಆಗಸ್ಟ್ 29ರಂದು ಕತ್ರಿನಾ ಬಂದಾಗ ನ್ಯೂ ಆರ್ಲಿಯನ್ಸ್ ಪಕ್ಕದ ಸೇಂಟ್ ಬರ್ನಾರ್ಡ್ ಪ್ರದೇಶದಲ್ಲಿದ್ದ ಸೇಂಟ್ ರೀಟಾಸ್ ಎಂಬ ವೃದ್ಧರ ಆರೈಕೆ ಕೇಂದ್ರ ತನ್ನ ನಿವಾಸಿಗಳನ್ನು ಹೊರಗೆ ಸಾಗಿಸಲಿಲ್ಲ. ಹಾಸಿಗೆ ಹಿಡಿದವರನ್ನು ಬಸ್ಸಿನಲ್ಲಿ ಗಂಟೆಗಟ್ಟಲೆ ಕೂರಿಸಿದರೆ ದಾರಿಯಲ್ಲೇ ಸತ್ತಾರು ಎಂಬುದು ಮಾಲೀಕರ ವಾದ. ನೀರು ನುಗ್ಗಿ 35 ಜನ ಮುಳುಗಿ ಸತ್ತರು. ಮಾಲೀಕ ದಂಪತಿಯ ಮೇಲೆ ಮೊಕದ್ದಮೆ ನಡೆಯಿತು, 2007ರಲ್ಲಿ ಖುಲಾಸೆಯೂ ಆಯಿತು. ಕತ್ರಿನಾದ ನೆನಪು ಹಸಿಯಾಗಿದ್ದಾಗಲೇ, ಒಂದು ತಿಂಗಳೂ ತುಂಬುವ ಮೊದಲು, ರೀಟಾ ಎಂಬ ಇನ್ನೊಂದು ಚಂಡಮಾರುತ ಟೆಕ್ಸಾಸ್‌ನತ್ತ ಹೊರಟಿತು. ಹ್ಯೂಸ್ಟನ್ ಪ್ರದೇಶದಿಂದ 25 ಲಕ್ಷಕ್ಕೂ ಹೆಚ್ಚು ಜನ ಒಟ್ಟಿಗೆ ರಸ್ತೆಗಿಳಿದರು. ಬೆಲೇರ್ ಊರಿನ ವೃದ್ಧರನ್ನು ಹೊತ್ತ ಒಂದು ಬಸ್ಸು ಡಲ್ಲಾಸ್ ಹತ್ತಿರ ಹೊತ್ತಿಕೊಂಡಿತು. ಎಣ್ಣೆ ಕಾಣದ ಗಾಲಿಯ ಬೇರಿಂಗ್‌ನಿಂದ ಬೆಂಕಿ. ಒಳಗೆ ಪ್ರಯಾಣಿಕರ ಆಕ್ಸಿಜನ್ ಸಿಲಿಂಡರುಗಳು. 23 ಜನ ಸತ್ತರು. ರೀಟಾ ಕೊನೆಗೆ ದಿಕ್ಕು ತಪ್ಪಿಸಿ ಹ್ಯೂಸ್ಟನ್ ನಗರವನ್ನು ಹೆಚ್ಚು ಮುಟ್ಟಲೇ ಇಲ್ಲ.

ಉಳಿದವರೂ ಸತ್ತರು, ಹೊರಟವರೂ ಸತ್ತರು. ಸಂಶೋಧಕರು ಇದರ ಬೆನ್ನು ಹತ್ತಿದರು. ಕತ್ರಿನಾ, ರೀಟಾ, ಗುಸ್ತಾವ್, ಐಕ್ ಈ ನಾಲ್ಕು ಬಿರುಗಾಳಿಗಳಲ್ಲಿ ಆರೈಕೆ ಕೇಂದ್ರಗಳಲ್ಲಿದ್ದ, ತೀವ್ರ ಮರೆವಿನ ಕಾಯಿಲೆಯ ವೃದ್ಧರನ್ನು ಹಿಂಬಾಲಿಸಿದ ಅಧ್ಯಯನ ಕಂಡುಕೊಂಡದ್ದು ಇಷ್ಟು: ಸ್ಥಳಾಂತರದಿಂದಲೇ ಸಾವಿನ ಪ್ರಮಾಣ 30 ದಿನಗಳಲ್ಲಿ ಶೇಕಡ 2.8ರಷ್ಟು, 90 ದಿನಗಳಲ್ಲಿ ಶೇಕಡ 3.9ರಷ್ಟು ಹೆಚ್ಚಿತ್ತು. ಹೊಸ ಜಾಗ, ಹೊಸ ಮುಖ, ತಪ್ಪಿದ ಊಟ, ತಪ್ಪಿದ ನಿದ್ದೆ ಅಂಥವರಿಗೆ ತಾಳಿಕೊಳ್ಳಲು ಆಗದ ಹೊರೆ. 2017ರ ಇರ್ಮಾದ ನಂತರ ಫ್ಲಾರಿಡಾದ ಆರೈಕೆ ಕೇಂದ್ರಗಳ 61 ಸಾವಿರಕ್ಕೂ ಹೆಚ್ಚು ನಿವಾಸಿಗಳ ದಾಖಲೆಗಳನ್ನು ನೋಡಿದಾಗ, ಬಿರುಗಾಳಿ ಬಾರದ 2015ಕ್ಕೆ ಹೋಲಿಸಿದರೆ 90 ದಿನಗಳಲ್ಲಿ 433 ಸಾವು ಹೆಚ್ಚು. ಈ ಅಂಕಿಗಳನ್ನು ಹಿಡಿದು 'ಹಾಗಾದರೆ ಅಲ್ಲಾಡಿಸದೆ ಇಟ್ಟುಬಿಡೋಣ' ಎನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕಟ್ಟಡ ಎಲ್ಲಿದೆ ಎಂಬುದರ ಮೇಲೆ ಉತ್ತರ ನಿಂತಿದೆ. ನೀರು ನುಗ್ಗುವ ಜಾಗದಲ್ಲಿದ್ದರೆ ಎಷ್ಟೇ ಕಷ್ಟವಾದರೂ ಹೊರಡಬೇಕು, ಅದೂ ಬೇಗ. ನೀರು ಬಾರದ ಎತ್ತರದಲ್ಲಿ, ಗಟ್ಟಿ ಗೋಡೆಯ, ಜನರೇಟರ್ ಇರುವ ಕಟ್ಟಡವಾದರೆ ಮುದುಕರನ್ನು ಅಲ್ಲೇ ಬಿಡುವುದು ಮೇಲು. ಫ್ಲಾರಿಡಾದ ಅಧಿಕಾರಿಗಳು 'ನೀರಿಗೆ ಓಡಿ, ಗಾಳಿಗೆ ಅಡಗಿ' ಎಂದು ವರ್ಷವರ್ಷ ಹೇಳುವುದು ಇದನ್ನೇ. ಓಡುವುದೆಂದರೆ ಅಟ್ಲಾಂಟಾವರೆಗೆ ಓಡಬೇಕಾಗಿಯೂ ಇಲ್ಲ. ಹತ್ತಿಪ್ಪತ್ತು ಮೈಲಿ ಒಳನಾಡಿಗೆ ಹೋದರೆ ಎಷ್ಟೋ ಸಲ ಸಾಕಾಗುತ್ತದೆ.

ಗಟ್ಟಿ ಕಟ್ಟಡವೊಂದೇ ಸಾಲದು ಎಂಬುದಕ್ಕೆ ಸಾಕ್ಷಿ ಹಾಲಿವುಡ್ ಹಿಲ್ಸ್. ಇದು ಸಿನಿಮಾದ ಹಾಲಿವುಡ್ ಅಲ್ಲ, ಮಯಾಮಿಯ ಉತ್ತರಕ್ಕಿರುವ ಅದೇ ಹೆಸರಿನ ಊರು. ಇರ್ಮಾ ಬಂದ ಸೆಪ್ಟೆಂಬರ್ 10ರಂದು ಅಲ್ಲಿನ ಆರೈಕೆ ಕೇಂದ್ರದ ದೀಪ ಆರಲಿಲ್ಲ, ಗೋಡೆ ಬಿರಿಯಲಿಲ್ಲ. ಎ.ಸಿ.ಗೆ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರ್ ಒಂದು ಕೆಟ್ಟಿತು, ಅಷ್ಟೆ. ಸಿಬ್ಬಂದಿ ಫ್ಯಾನು, ಸಣ್ಣ ಕೂಲರುಗಳನ್ನು ಇಟ್ಟುಕೊಂಡು ರಿಪೇರಿಯವರಿಗಾಗಿ ಕಾದರು. ಒಂದು ದಿನ, ಎರಡು ದಿನ. 13ರ ಬೆಳಗಿನ ಜಾವ ಒಬ್ಬೊಬ್ಬರೇ ಕುಸಿಯತೊಡಗಿದರು. ಕೆಲವರ ಮೈಬಿಸಿ 107 ಡಿಗ್ರಿ ದಾಟಿತ್ತು. ರಸ್ತೆಯಾಚೆಯೇ ಎ.ಸಿ. ಓಡುತ್ತಿದ್ದ ದೊಡ್ಡ ಆಸ್ಪತ್ರೆಯಿತ್ತು. ಸಾವುಗಳಲ್ಲಿ 12ನ್ನು ಕೊಲೆಯ ಲೆಕ್ಕಕ್ಕೆ ಹಾಕಲಾಯಿತು. ಮರುವರ್ಷ ಫ್ಲಾರಿಡಾ ಕಾನೂನು ತಂದಿತು: ವೃದ್ಧರ ಪ್ರತಿ ಆರೈಕೆ ಕೇಂದ್ರದಲ್ಲೂ ಕರೆಂಟ್ ಹೋದ ಮೇಲೆ 96 ಗಂಟೆ ಕಾಲ ಒಳಗಿನ ಬಿಸಿ 81 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದಲ್ಲಿ 27 ಡಿಗ್ರಿ, ದಾಟದಂತೆ ನೋಡಿಕೊಳ್ಳುವ ಜನರೇಟರ್ ಇರಬೇಕು.

ಕಾನೂನು ಇದೆ ಎಂದು ಸುಮ್ಮನಾಗಬಾರದು. ಅಪ್ಪನೋ ಅಮ್ಮನೋ ಅಂಥ ಕೇಂದ್ರದಲ್ಲಿದ್ದರೆ ಮೇ ತಿಂಗಳಲ್ಲಿ ಒಮ್ಮೆ ಹೋಗಿ ಜನರೇಟರ್ ತೋರಿಸಿ ಎನ್ನಿ. ಇಡೀ ಕಟ್ಟಡ ತಂಪಾಗುತ್ತದೋ, ಊಟದ ಹಾಲ್ ಮಾತ್ರವೋ? ಇಂಧನ ಎಷ್ಟು ದಿನಕ್ಕೆ? ರಾತ್ರಿ ಪಾಳಿಯವರು ತಮ್ಮ ಮನೆಮಕ್ಕಳನ್ನು ಬಿಟ್ಟು ಬರುತ್ತಾರೆಯೇ, ಅವರಿಗೆ ಏನು ವ್ಯವಸ್ಥೆ? ಹೊರಡಬೇಕಾದರೆ ಎಲ್ಲಿಗೆ? ಈ ಕೊನೆಯ ಪ್ರಶ್ನೆಗೆ ಬಾಯಿಮಾತಿನ ಉತ್ತರ ಸಾಲದು, ವಿಳಾಸ ಬೇಕು. 2021ರಲ್ಲಿ ಐಡಾ ಬಂದಾಗ ಲೂಸಿಯಾನಾದ 7 ಕೇಂದ್ರಗಳ 800ಕ್ಕೂ ಹೆಚ್ಚು ವೃದ್ಧರನ್ನು ಇಂಡಿಪೆಂಡೆನ್ಸ್ ಎಂಬ ಊರಿನ ಒಂದು ಗೋದಾಮಿಗೆ ಸಾಗಿಸಿದರು. ಕಾಗದದ ಮೇಲೆ ಅದು ಮಂಜೂರಾದ ಯೋಜನೆಯೇ ಆಗಿತ್ತು. ನೆಲಕ್ಕೆ ಹಾಸಿದ ಹಾಸಿಗೆಗಳು, ತುಂಬಿದ ಶೌಚಾಲಯಗಳು, ಒದ್ದೆ ಬಟ್ಟೆಯಲ್ಲಿ ಬಿದ್ದಿದ್ದ ಮುದುಕರು. ಹಲವರು ಸತ್ತ ಮೇಲೆ ಸರ್ಕಾರ ಆ ಏಳರ ಪರವಾನಗಿಯನ್ನೂ ಕಿತ್ತುಕೊಂಡಿತು.

ಆದರೆ ಹೆಚ್ಚಿನ ವೃದ್ಧರಿರುವುದು ಕೇಂದ್ರಗಳಲ್ಲಲ್ಲ, ಸ್ವಂತ ಮನೆಯಲ್ಲಿ. ಫ್ಲಾರಿಡಾದಲ್ಲಿ ಐವರಲ್ಲಿ ಒಬ್ಬರಿಗೆ 65 ದಾಟಿದೆ. ಗಾಲಿಯ ಮೇಲೆ ತಂದಿಟ್ಟ ಮೊಬೈಲ್ ಹೋಂಗಳ ಬಡಾವಣೆಗಳು, ಕಡಲ ಕಿನಾರೆಯ ಬಹುಮಹಡಿ ಅಪಾರ್ಟ್‌ಮೆಂಟುಗಳು, ಐವತ್ತೈದು ದಾಟಿದವರಿಗೇ ಮೀಸಲಾದ ಕಾಲನಿಗಳು. ಇವರನ್ನು ಹೊರಡಿಸುವುದು ಮಕ್ಕಳಿಗೆ ದೊಡ್ಡ ತಲೆನೋವು. ಮುದುಕರ ಹಟವನ್ನು ಬೈಯುವುದು ಸುಲಭ. ಅದರ ಹಿಂದೆ ಅನುಭವ ಇರುತ್ತದೆ ಎನ್ನುವುದನ್ನು ಮಾತ್ರ ಮರೆಯುತ್ತೇವೆ. ಫೋರ್ಟ್ ಮೈಯರ್ಸ್ ಕಡೆಯ ಉದಾಹರಣೆ ನೋಡಿ. 2004ರ ಆಗಸ್ಟ್‌ನಲ್ಲಿ ಚಾರ್ಲಿ ಚಂಡಮಾರುತ ಅಲ್ಲಿನ ಕಾಯೊ ಕೋಸ್ಟಾ ದ್ವೀಪದ ಬಳಿ ದಡ ಹತ್ತಿತು. ನಾಲ್ಕನೆಯ ವರ್ಗದ್ದು, ಗಾತ್ರದಲ್ಲಿ ಸಣ್ಣದು, ಬಿರುಸಿನ ಗಾಳಿಯದ್ದು. ಚಾವಣಿಗಳು ಹಾರಿದವು, ಜನ ಬದುಕಿದರು. 2022ರ ಸೆಪ್ಟೆಂಬರ್ 28ರಂದು ಇಯಾನ್ ಅದೇ ಕಾಯೊ ಕೋಸ್ಟಾದಲ್ಲಿ ದಡ ಮುಟ್ಟಿತು, ಅದೂ ನಾಲ್ಕನೆಯ ವರ್ಗದ್ದೇ. 'ಚಾರ್ಲಿಯನ್ನೇ ನೋಡಿದವರು ನಾವು' ಎಂದು ಉಳಿದವರ ಮನೆಯೊಳಗೆ ಫೋರ್ಟ್ ಮೈಯರ್ಸ್ ಬೀಚ್‌ನಲ್ಲಿ 10ರಿಂದ 15 ಅಡಿ ನೀರು ಬಂತು. ಇಯಾನ್ ಗಾತ್ರದಲ್ಲಿ ದೊಡ್ಡದು, ನಿಧಾನದ್ದು, ಕಡಲನ್ನು ತಳ್ಳಿಕೊಂಡು ಬಂದದ್ದು. ಫೋರ್ಟ್ ಮೈಯರ್ಸ್ ಇರುವ ಜಿಲ್ಲೆಯಲ್ಲಿ ತೆರವಿನ ಆದೇಶ ಹೊರಟದ್ದೂ ಹಿಂದಿನ ದಿನವಷ್ಟೇ. ಫ್ಲಾರಿಡಾದಲ್ಲಿ ಸುಮಾರು 150 ಜನ ಸತ್ತರು, ಹೆಚ್ಚಿನವರು ಅರವತ್ತು ದಾಟಿದವರು.

ಆದ್ದರಿಂದ ವಾದ ಮಾಡುವುದಾದರೆ ವರ್ಗದ ಸಂಖ್ಯೆ ಹಿಡಿದು ಮಾಡಬೇಡಿ. ಫ್ಲಾರಿಡಾದಲ್ಲಿ ನೀರು ನುಗ್ಗುವ ಜಾಗಗಳನ್ನು ತೆರವಿನ ವಲಯಗಳಾಗಿ ವಿಂಗಡಿಸಿದ್ದಾರೆ, ಎ ಎಂದರೆ ಮೊದಲು ಹೊರಡಬೇಕಾದವರು. ಮೊಬೈಲ್ ಹೋಂನವರು ಯಾವ ವಲಯದಲ್ಲಿದ್ದರೂ ಹೊರಡಲೇಬೇಕು. ಎಳೆಬಿಸಿಲಿನ ಏಪ್ರಿಲ್‌ನಲ್ಲಿ, ಆಕಾಶ ತಿಳಿಯಾಗಿರುವಾಗ ಕೂತು ಮಾತಾಡಿದರೆ ಒಪ್ಪಂದಕ್ಕೆ ಬರಬಹುದು: 'ಎ ವಲಯ ಖಾಲಿ ಮಾಡಿ ಅಂದ ದಿನ ಹೊರಡೋಣ, ಅಲ್ಲಿವರೆಗೆ ನಾನು ನಿಮ್ಮ ತಲೆ ತಿನ್ನೋದಿಲ್ಲ.' ಟೀವಿಯಲ್ಲಿ ಕೆಂಪು ಬಳೆ ತಿರುಗುತ್ತಿರುವಾಗ ಫೋನ್ ಮಾಡಿ ಕೂಗಿದರೆ ಯಾವ ತಾಯಿಯೂ ಕೇಳುವುದಿಲ್ಲ. ಹೊರಡದಿರಲು ಕಾರಣ ಕೆಲವೊಮ್ಮೆ ತೀರ ಸಣ್ಣದಿರುತ್ತದೆ. ನಾಯಿ ಒಂದು ಕಾರಣ. ಕತ್ರಿನಾದಲ್ಲಿ ಸಾಕುಪ್ರಾಣಿ ಬಿಟ್ಟು ಬರಲಾರದೆ ಉಳಿದವರನ್ನು ಕಂಡ ಮೇಲೆ 2006ರಲ್ಲಿ ಅಮೆರಿಕದ ಸಂಸತ್ತು ತೆರವಿನ ಯೋಜನೆಗಳಲ್ಲಿ ಸಾಕುಪ್ರಾಣಿಗಳಿಗೂ ಜಾಗ ಇರಬೇಕೆಂದು ಕಾನೂನು ಮಾಡಿತು. ಇನ್ನೊಂದು ಕಾರಣ ಮೂತ್ರದ ಹಿಡಿತ ತಪ್ಪುವ ಸಂಕೋಚ; ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಗನಿಗಂತೂ ಹೇಳುವುದೇ ಇಲ್ಲ. ಎಂಟು ಗಂಟೆ ಕಾರಿನಲ್ಲಿ ಕೂರಬೇಕಲ್ಲ ಎಂಬ ಭಯಕ್ಕೆ 'ನನಗೇನೂ ಆಗೋದಿಲ್ಲ, ನೀವು ಹೋಗಿ' ಎಂಬ ಮಾತು ಹೊರಡುತ್ತದೆ. ಡೈಪರ್, ಬದಲಿ ಬಟ್ಟೆ, ಗಂಟೆಗೊಮ್ಮೆ ನಿಲ್ಲಿಸುವ ಭರವಸೆ ಅಲ್ಲಿ ಹವಾಮಾನ ನಕ್ಷೆಗಿಂತ ಹೆಚ್ಚು ಕೆಲಸ ಮಾಡುತ್ತವೆ.

ಮನೆಯಲ್ಲೇ ಉಳಿಯುವವರ ಮಾತಿಗೆ ಬಂದರೆ, ಮೊದಲ ಪ್ರಶ್ನೆ ಕರೆಂಟಿನದು. ಆಕ್ಸಿಜನ್ ಕಾನ್ಸಂಟ್ರೇಟರ್, ನಿದ್ದೆಯಲ್ಲಿ ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್ ಯಂತ್ರ, ಎತ್ತಿಳಿಸುವ ಮಂಚ, ಬ್ಯಾಟರಿ ಗಾಲಿಕುರ್ಚಿ ಇವುಗಳಲ್ಲಿ ಯಾವುದಿದ್ದರೂ ಬದಲಿ ವ್ಯವಸ್ಥೆ ಇಲ್ಲದೆ ಉಳಿಯುವುದು ಹುಚ್ಚುತನ. ಆಕ್ಸಿಜನ್ ಕಂಪನಿಯಿಂದ ಸಿಲಿಂಡರ್ ಮೊದಲೇ ತರಿಸಿಡಬೇಕು. ಜನರೇಟರ್ ಕೊಂಡು ಬಿಟ್ಟರೆ ಕೆಲಸ ಮುಗಿಯಿತು ಎಂದುಕೊಳ್ಳುವವರು ಹೆಚ್ಚು. 2020ರಲ್ಲಿ ಲಾರಾ ಬಂದಾಗ ಲೂಸಿಯಾನಾದಲ್ಲಿ ಕಡಲ ಉಬ್ಬರಕ್ಕಿಂತ ಜನರೇಟರ್ ಹೊಗೆಯ ಕಾರ್ಬನ್ ಮೊನಾಕ್ಸೈಡ್‌ಗೆ ಸತ್ತವರೇ ಹೆಚ್ಚು. ಅದು ಮನೆಯಿಂದ ಕನಿಷ್ಠ 20 ಅಡಿ ದೂರದಲ್ಲಿ, ಬಯಲಿನಲ್ಲಿ ಇರಬೇಕು. ಗ್ಯಾರೇಜ್‌ನಲ್ಲಿ ಬಾಗಿಲು ತೆರೆದಿಟ್ಟರೂ ಸಾಲದು. ಮಳೆಯಲ್ಲಿ ಇಪ್ಪತ್ತಡಿ ದೂರ ಅದನ್ನು ಎಳೆದುಕೊಂಡು ಹೋಗಿ, ಹಗ್ಗ ಜಗ್ಗಿ ಚಾಲೂ ಮಾಡಿ, ಪೆಟ್ರೋಲ್ ಸುರಿಯುವ ಶಕ್ತಿ ಎಂಬತ್ತರ ಅಜ್ಜನಿಗೆ ಇದೆಯೇ? ಇಲ್ಲದಿದ್ದರೆ ಆ ಯಂತ್ರ ಶೋಕೇಸಿನ ಸಾಮಾನು. ಸಿಪ್ಯಾಪ್‌ಗೆ, ಫೋನಿಗೆ, ಸಣ್ಣ ಫ್ಯಾನಿಗೆ ಒಳಗೇ ಇಡಬಹುದಾದ ದೊಡ್ಡ ಬ್ಯಾಟರಿ ಪೆಟ್ಟಿಗೆ ಒಬ್ಬಂಟಿ ವೃದ್ಧರಿಗೆ ಮೇಲು.

ಡಯಾಲಿಸಿಸ್‌ನವರಿಗೆ ಒಂದು ಮಾತು: ಬಿರುಗಾಳಿ ಬರುವ ಮುನ್ನವೇ ಒಂದು ಸರದಿ ಮುಗಿಸಿಕೊಳ್ಳಿ. 2012ರ ಸ್ಯಾಂಡಿಯಲ್ಲಿ ಹಾಗೆ ಮಾಡಿಕೊಂಡವರಲ್ಲಿ ಆಸ್ಪತ್ರೆ ಸೇರಿದವರೂ ಸತ್ತವರೂ ಕಡಿಮೆ. ಮೂರು ದಿನದ ತುರ್ತು ಪಥ್ಯದ ಪಟ್ಟಿಯನ್ನು ಕೇಂದ್ರದವರೇ ಕೊಡುತ್ತಾರೆ. ಇನ್ಸುಲಿನ್ ಬಗ್ಗೆ ಇರುವ ಗಾಬರಿ ಮಾತ್ರ ಅಗತ್ಯಕ್ಕಿಂತ ಹೆಚ್ಚು. ಫ್ರಿಜ್ ನಿಂತರೂ 15ರಿಂದ 30 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ 28 ದಿನದವರೆಗೆ ಬಳಸಬಹುದು. ಸುಡುವ ಕಾರಿನಲ್ಲಿ ಬಿಡಬಾರದು, ಐಸಿಗೆ ನೇರ ತಾಗಿಸಿ ಹೆಪ್ಪುಗಟ್ಟಿಸಬಾರದು.

ಔಷಧದಲ್ಲಿ ಫ್ಲಾರಿಡಾ ಒಂದು ಒಳ್ಳೆಯ ಕಾನೂನು ಮಾಡಿಕೊಂಡಿದೆ. ರಾಜ್ಯಪಾಲರು ತುರ್ತು ಪರಿಸ್ಥಿತಿ ಘೋಷಿಸಿದರೆ, ಮೊನ್ನೆ ತಾನೆ ಕೊಂಡಿದ್ದರೂ, ಇನ್ನೂ 30 ದಿನದ ಗುಳಿಗೆ ಪಡೆಯಬಹುದು, ಇನ್ಶೂರೆನ್ಸ್‌ನವರು ಬೇಡ ಎನ್ನುವಂತಿಲ್ಲ. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಆದರೆ ಈ ಕಾನೂನು ನೆರವಾಗದ ಒಂದು ಗುಂಪಿದೆ, ನಮ್ಮವರದೇ.

ಮಕ್ಕಳ ಮನೆಗೆ ಬರುವ ಕನ್ನಡದ ಅಪ್ಪ ಅಮ್ಮ ಸಾಮಾನ್ಯವಾಗಿ ಏಪ್ರಿಲ್, ಮೇ ಹೊತ್ತಿಗೆ ಬಂದಿಳಿದು ಆರು ತಿಂಗಳು ಇರುತ್ತಾರೆ. ಚಳಿ ತಡೆಯದು ಎಂಬ ಲೆಕ್ಕಾಚಾರ. ಟ್ಯಾಂಪಾ, ಒರ್ಲಾಂಡೊ, ಹ್ಯೂಸ್ಟನ್‌ಗಳಲ್ಲಿ ಹಾಗೆ ಬರುವುದೆಂದರೆ ಹರಿಕೇನ್ ಋತುವಿನ ಹೆಚ್ಚಿನ ಭಾಗವನ್ನು ಅಲ್ಲೇ ಕಳೆದಂತೆ. ಅವರ ಸೂಟ್‌ಕೇಸ್ ಬಿಚ್ಚಿ ನೋಡಿ. ಚಟ್ನಿಪುಡಿ, ಹಪ್ಪಳಗಳ ಪಕ್ಕದಲ್ಲಿ ಆರು ತಿಂಗಳ ಗುಳಿಗೆ, ರಬ್ಬರ್ ಬ್ಯಾಂಡ್ ಸುತ್ತಿದ ಪಟ್ಟಿಗಳಾಗಿ: ಟೆಲ್ಮಾ, ಎಕೋಸ್ಪ್ರಿನ್, ಥೈರೋನಾರ್ಮ್, ಡೋಲೋ. ಜಯನಗರದ ಡಾಕ್ಟರ ಚೀಟಿ, ಅವರ ಕೈಬರಹ ಅವರಿಗೇ ಪ್ರೀತಿ. ಈ ಚೀಟಿಗೆ ಅಮೆರಿಕದ ಅಂಗಡಿಯಲ್ಲಿ ಒಂದು ಗುಳಿಗೆಯೂ ಸಿಗುವುದಿಲ್ಲ. ಗುಳಿಗೆಯ ಈ ಚೀಲ ನೀರಿನಲ್ಲಿ ತೊಯ್ದರೆ ಅಥವಾ ಹೊರಡುವ ಗಡಿಬಿಡಿಯಲ್ಲಿ ಮರೆತರೆ, ಹೊಸ ಡಾಕ್ಟರನ್ನು ಕಂಡು ಹೊಸ ಚೀಟಿ ಬರೆಸಬೇಕು, ಅದೂ ಊರೆಲ್ಲ ಕತ್ತಲಾಗಿರುವಾಗ. ಟೆಲ್ಮಾ ಎಂದರೆ ಅಲ್ಲಿನವರಿಗೆ ತಿಳಿಯದು, ಟೆಲ್ಮಿಸಾರ್ಟನ್ ಎನ್ನಬೇಕು. ಪ್ಯಾರಾಸಿಟಮಾಲ್ ಕೂಡ ಅಲ್ಲಿ ಅಸೆಟಮಿನೊಫೆನ್. ಊರು ಬಿಡುವ ಮೊದಲೇ ಪ್ರತಿ ಗುಳಿಗೆಯ ಮೂಲ ಔಷಧದ ಹೆಸರು, ಪ್ರಮಾಣ, ಹೊತ್ತು ಇವನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ, ಒಂದು ಪ್ರತಿ ಅಮ್ಮನ ಪರ್ಸಿನಲ್ಲಿ, ಒಂದು ಮಗಳ ಫೋನಿನಲ್ಲಿ ಇಡುವುದು ಅರ್ಧ ಗಂಟೆಯ ಕೆಲಸ. ಪ್ರವಾಸಿ ಇನ್ಶೂರೆನ್ಸ್ ಹಳೆಯ ಕಾಯಿಲೆಗೆ ಎಷ್ಟು ಕೊಡುತ್ತದೆ ಎಂಬ ಸಣ್ಣಕ್ಷರವನ್ನೂ ಆಗಲೇ ಓದಿಕೊಳ್ಳಿ. ಅಲ್ಲಿನ ಸರ್ಕಾರ ವೃದ್ಧರಿಗೆ ಕೊಡುವ ಆರೋಗ್ಯ ವಿಮೆಯಾದ ಮೆಡಿಕೇರ್ ಅವರಿಗಿಲ್ಲ. ಗ್ರೀನ್ ಕಾರ್ಡ್ ಪಡೆದು ಬಂದವರೂ 65 ದಾಟಿ, ಐದು ವರ್ಷ ಸತತ ವಾಸ ಮಾಡಿದ ಮೇಲಷ್ಟೇ ಹಣ ಕಟ್ಟಿ ಅದನ್ನು ಸೇರಬಹುದು.

ಇನ್ನೊಂದು ತೊಡಕನ್ನು ಯಾವ ಸರ್ಕಾರಿ ಪಟ್ಟಿಯೂ ಹೇಳುವುದಿಲ್ಲ. ಮಗನೋ ಸೊಸೆಯೋ ಡಾಕ್ಟರ್, ನರ್ಸ್ ಆಗಿದ್ದರೆ ಬಿರುಗಾಳಿಯ ದಿನ ಆಸ್ಪತ್ರೆಯಲ್ಲೇ ಉಳಿಯುವ ತಂಡಕ್ಕೆ ಹೆಸರು ಬಿದ್ದಿರುತ್ತದೆ. ಎರಡು ಮೂರು ದಿನ ಮನೆಗೆ ಬರುವಂತಿಲ್ಲ. ಆಗ ಕಾರು ಓಡಿಸಲು ಬಾರದ, ರಸ್ತೆ ಗೊತ್ತಿಲ್ಲದ, ಪಕ್ಕದ ಮನೆಯವರ ಹೆಸರು ತಿಳಿಯದ ಇಬ್ಬರು ವೃದ್ಧರು ಮನೆಯಲ್ಲಿ. ಆ ತಂಡದಲ್ಲಿ ಯಾರಿದ್ದಾರೆ ಎಂದು ಆಸ್ಪತ್ರೆಗಳು ಸಾಮಾನ್ಯವಾಗಿ ಋತುವಿನ ಆರಂಭದಲ್ಲೇ ತಿಳಿಸುತ್ತವೆ. ಆಗಲೇ ಇನ್ನೊಂದು ಮನೆಯವರೊಂದಿಗೆ ಮಾತಾಡಿಕೊಳ್ಳಬೇಕು. ನಮ್ಮ ಕನ್ನಡ ಕೂಟಗಳು ಯುಗಾದಿ, ರಾಜ್ಯೋತ್ಸವಗಳನ್ನು ಸೊಗಸಾಗಿ ಮಾಡುತ್ತವೆ. ಮೇ ತಿಂಗಳಲ್ಲಿ ಒಂದು ಭಾನುವಾರ 'ಯಾರ ಮನೆಗೆ ಯಾರು ಹೋಗಿ ಬಾಗಿಲು ಬಡಿಯುತ್ತಾರೆ' ಎಂಬ ಪಟ್ಟಿ ಮಾಡಿದರೆ ಅದಕ್ಕಿಂತ ದೊಡ್ಡ ಸೇವೆ ಇಲ್ಲ. ಕತ್ರಿನಾದಲ್ಲಿ ಸ್ವತಃ ಮನೆ ಕಳೆದುಕೊಂಡ ಸಮಾಜವಿಜ್ಞಾನಿ ಡೇನಿಯಲ್ ಆಲ್ಡ್ರಿಚ್ ನಂತರ ಹಲವು ದೇಶಗಳ ವಿಪತ್ತುಗಳನ್ನು ಅಧ್ಯಯನ ಮಾಡಿ, ಚೇತರಿಕೆಯನ್ನು ನಿರ್ಧರಿಸುವುದರಲ್ಲಿ ನೆರೆಹೊರೆಯ ನಂಟಿನ ಪಾತ್ರ ಎಷ್ಟು ದೊಡ್ಡದೆಂದು ತೋರಿಸಿದ್ದಾರೆ. ನಮಗೆ ಅದನ್ನು ಹೇಳಲು ವಿಶ್ವವಿದ್ಯಾಲಯ ಬೇಕಿಲ್ಲ ಎನಿಸಬಹುದು, ಆದರೆ ಅಮೆರಿಕಕ್ಕೆ ಹೋದ ಮೇಲೆ ನಾವು ಮರೆಯುವ ಮೊದಲ ಸಂಗತಿಯೂ ಅದೇ.

ಊಟದ ವಿಷಯದಲ್ಲಿ ನಮ್ಮ ಅಜ್ಜಿಯಂದಿರೇ ಜಾಣರು. ಡಬ್ಬಿಯ ಸೂಪು, ಚಿಪ್ಸುಗಳಲ್ಲಿ ಉಪ್ಪು ವಿಪರೀತ, ಬಿಪಿಯವರಿಗೆ ಆಗದು. ಅವಲಕ್ಕಿ, ಹುರಿಹಿಟ್ಟು, ಬೆಲ್ಲ, ಕಡಲೆ ಇವಕ್ಕೆ ಒಲೆಯೂ ಬೇಡ, ಫ್ರಿಜ್ಜೂ ಬೇಡ.

ಈಗ ಆಶ್ರಯ ಕೇಂದ್ರಗಳು. ಸಾಮಾನ್ಯ ಶೆಲ್ಟರ್ ಎಂದರೆ ಹೆಚ್ಚಾಗಿ ಶಾಲೆಯ ಜಿಮ್. ರಾತ್ರಿಯಿಡೀ ಉರಿಯುವ ಟ್ಯೂಬ್‌ಲೈಟು, ಮಕ್ಕಳ ಗಲಾಟೆ, ಮಂಡಿನೋವಿನವರು ಒಮ್ಮೆ ಮಲಗಿದರೆ ಏಳಲಾಗದಷ್ಟು ತಗ್ಗಿನ ಮಡಚು ಮಂಚ, ಉದ್ದ ಕಾರಿಡಾರಿನ ಕೊನೆಯಲ್ಲಿ ಶೌಚಾಲಯ. ಬೇರೆ ದಾರಿಯಿಲ್ಲದಾಗ ಜೀವ ಉಳಿಸುವ ಜಾಗ ಅದು. ನೆಂಟರ ಮನೆ, ಹೋಟೆಲು ಇದ್ದರೆ ಅದನ್ನೇ ಆರಿಸಿ. ಆಕ್ಸಿಜನ್, ಕರೆಂಟ್, ದಾದಿಯರ ನೆರವು ಬೇಕಾದವರಿಗೆ ಫ್ಲಾರಿಡಾದ ಜಿಲ್ಲೆಗಳಲ್ಲಿ ಪ್ರತ್ಯೇಕ ಶೆಲ್ಟರ್‌ಗಳಿವೆ. ಅವಕ್ಕೆ ಮೊದಲೇ ಹೆಸರು ನೋಂದಾಯಿಸಬೇಕು. ನೋಂದಾಯಿಸುವಾಗಲೇ ವಾಹನವನ್ನೂ ಕೇಳಬಹುದು. ಜೊತೆಗೆ ಆರೈಕೆಯವರೊಬ್ಬರು ಹೋಗಬೇಕು. ಬಿಟ್ಟು ಬರುವ ಜಾಗ ಅದಲ್ಲ. ಟೆಕ್ಸಾಸ್‌ನಲ್ಲಿ ಇಂಥದೇ ನೋಂದಣಿಗೆ ಸ್ಟಿಯರ್ ಎಂದು ಹೆಸರು, 211ಕ್ಕೆ ಫೋನ್ ಮಾಡಿದರೆ ಸಾಕು. ಆದರೆ ಹೆಸರು ಬರೆಸಿದ ಮಾತ್ರಕ್ಕೆ ಯಾರೋ ಬಂದೇ ಬರುತ್ತಾರೆಂಬ ಖಾತರಿಯಿಲ್ಲ. ಗಾಳಿ ಗಂಟೆಗೆ 40, 45 ಮೈಲಿ ದಾಟಿದ ಮೇಲೆ 911 ಒತ್ತಿದರೂ ಆಂಬುಲೆನ್ಸ್ ಹೊರಡುವುದಿಲ್ಲ.

ಮರೆವಿನ ಕಾಯಿಲೆಯವರನ್ನು ಕರೆದೊಯ್ಯುವಾಗ ಅವರ ಸ್ವಂತ ದಿಂಬು, ಹೊದಿಕೆ, ದೇವರ ಫೋಟೊ, ಅವರು ದಿನಾ ಕುಡಿಯುವ ಲೋಟ ಜೊತೆಗಿರಲಿ. ಬಟ್ಟೆಯ ಒಳಗೆ ಹೆಸರು, ಫೋನ್ ನಂಬರ್ ಇರಲಿ, ಈಚಿನ ಒಂದು ಫೋಟೊ ನಿಮ್ಮ ಬಳಿ ಇರಲಿ. 1965ರ ವಲಸೆ ಕಾನೂನಿನ ನಂತರ ಅಮೆರಿಕಕ್ಕೆ ಹೋಗಿ ನೆಲೆಸಿದ ಮೊದಲ ತಲೆಮಾರಿನ ಕನ್ನಡಿಗರು ಈಗ ಎಪ್ಪತ್ತು, ಎಂಬತ್ತು ದಾಟಿದ್ದಾರೆ. ಐವತ್ತು ವರ್ಷ ಇಂಗ್ಲಿಷಿನಲ್ಲಿ ಬದುಕಿದವರು ಈ ಕಾಯಿಲೆ ಬಲಿತಾಗ ಮತ್ತೆ ಕನ್ನಡಕ್ಕೇ ಮರಳುವುದುಂಟು. ನೂರಾರು ಜನರ ಶೆಲ್ಟರ್‌ನಲ್ಲಿ ಅವರ 'ನೀರು' ಎಂಬ ಮಾತು ಯಾರಿಗೂ ಅರ್ಥವಾಗದು. ನೀರು, ನೋವು, ಶೌಚ, ಹಸಿವು ಎಂಬ ನಾಲ್ಕಾರು ಕನ್ನಡ ಮಾತುಗಳನ್ನು ಇಂಗ್ಲಿಷ್ ಲಿಪಿಯಲ್ಲಿ, ಅರ್ಥ ಸಮೇತ ಬರೆದ ಕಾರ್ಡೊಂದನ್ನು ಕೊರಳಿಗೆ ಹಾಕಿದರೆ ಸ್ವಯಂಸೇವಕರಿಗೆ ದೊಡ್ಡ ಉಪಕಾರ.

ಹಣದ ಮಾತು ಚಿಕ್ಕದಾಗಿ. ಮನೆಯ ಸಾಮಾನ್ಯ ಇನ್ಶೂರೆನ್ಸ್ ಪ್ರವಾಹದ ನಷ್ಟ ಕೊಡುವುದಿಲ್ಲ. ಸಾಲ ತೀರಿಸಿಕೊಂಡ ವೃದ್ಧರಿಗೆ ಬ್ಯಾಂಕಿನ ಒತ್ತಾಯವೂ ಇರದು, ಕಂತು ಏರಿದ ಹಾಗೆ ವಿಮೆಯನ್ನೇ ಬಿಟ್ಟವರಿದ್ದಾರೆ. ಅಪ್ಪ ಅಮ್ಮನ ಕಾಗದಗಳನ್ನು ಒಮ್ಮೆ ಬಿಡಿಸಿ ನೋಡಿ. ಸರ್ಕಾರದ ಪ್ರವಾಹ ವಿಮೆ ಇವತ್ತು ಕೊಂಡರೆ ಜಾರಿಗೆ ಬರುವುದು 30 ದಿನ ಕಳೆದ ಮೇಲೆ. ಬಿರುಗಾಳಿಯ ಮರುದಿನವೇ ಚಾವಣಿ ರಿಪೇರಿ ಎಂದು ಬಾಗಿಲಿಗೆ ಬರುವವರಿಗೆ ಮುಂಗಡ ಕೊಡಬೇಡಿ, ಸಹಿ ಹಾಕಬೇಡಿ ಎಂದೂ ಹೇಳಿಡಿ.

ದೂರದಲ್ಲಿರುವ ಮಕ್ಕಳು, ಸಿಯಾಟಲ್‌ನಲ್ಲಿರಲಿ ಬೆಂಗಳೂರಿನಲ್ಲಿರಲಿ, ಟೀವಿ ನೋಡುತ್ತ ಗಂಟೆಗೊಮ್ಮೆ ಫೋನ್ ಮಾಡಿ ಅಮ್ಮನ ಬ್ಯಾಟರಿ ಮುಗಿಸುವುದು ನೆರವಲ್ಲ. ಪಕ್ಕದ ಮನೆಯವರ ನಂಬರ್, ಇನ್ನೊಂದು ಕೀಲಿ ಯಾರ ಬಳಿ ಇದೆ ಎಂಬುದು, ದಿನಕ್ಕೆರಡು ಸಲ ನಿಗದಿತ ಹೊತ್ತಿಗೆ ಒಂದು ಮೆಸೇಜ್, ಅದು ಬಾರದಿದ್ದರೆ ಹೋಗಿ ನೋಡುವವರು ಯಾರು ಎಂಬ ತೀರ್ಮಾನ: ಇಷ್ಟು ಮೊದಲೇ ಆಗಿರಲಿ. ನೆಟ್‌ವರ್ಕ್ ಕಿಕ್ಕಿರಿದಾಗ ಕರೆ ಹೋಗದಿದ್ದರೂ ಮೆಸೇಜ್ ಎಷ್ಟೋ ಸಲ ಹೋಗುತ್ತದೆ. ಹತ್ತನೆಯ ಮಹಡಿಯ ಮನೆಯಾದರೆ ಲಿಫ್ಟ್ ನಿಲ್ಲಿಸುವ ಮೊದಲೇ ಅವರು ಕೆಳಗಿಳಿದಿರಬೇಕು. ಸ್ಯಾಂಡಿಯ ನಂತರ ನ್ಯೂಯಾರ್ಕಿನ ಎತ್ತರದ ಕಟ್ಟಡಗಳಲ್ಲಿ ವೃದ್ಧರು ದಿನಗಟ್ಟಲೆ, ನೀರೂ ಏರದ ಮನೆಗಳಲ್ಲಿ ಸಿಕ್ಕಿಬಿದ್ದಿದ್ದರು.

ಕೊನೆಗೆ, ಮೇಲೆ ಹೇಳಿದ ನೋಂದಣಿಯ ಮಾತು. ಟೆಕ್ಸಾಸ್‌ನ ಸ್ಟಿಯರ್ ನೋಂದಣಿಯನ್ನು ಪ್ರತಿ ವರ್ಷ ಹೊಸದಾಗಿ ಮಾಡಿಸಬೇಕು. ಫ್ಲಾರಿಡಾದ ಜಿಲ್ಲೆಗಳಲ್ಲೂ ವರ್ಷವರ್ಷ ನವೀಕರಿಸಬೇಕು. ಹೋದ ವರ್ಷ ಬರೆಸಿದ ಹೆಸರು ಈ ವರ್ಷದ ಪಟ್ಟಿಯಲ್ಲಿ ಇದೆಯೇ ಎಂದು ಮೇ ತಿಂಗಳು ಮುಗಿಯುವುದರೊಳಗೆ ಫೋನ್ ಮಾಡಿ ಕೇಳಿಕೊಳ್ಳಿ.